ಬಸ್ಸು ನಿಂತರೆ ಬವಣೆ ಯಾರಿಗೆ?

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆಯನ್ನು ನಾವು ಹೆಂಗಸರು ಯಾರಿಗಾದರೂ ಹೇಳುತ್ತಲೇ ಇರುತ್ತೇವೆ. ಆದರೆ ಸಾರಿಗೆ ನೌಕರರ ಮುಷ್ಕರ ಶುರುವಾದ ದಿನ ಆ ಕೂಸು ನಾವೇ ಆಗಿರುತ್ತೇವೆ. ಅತ್ತ ಸರಕಾರ, ಇತ್ತ ನೌಕರರು, ನಡುವೆ ಚೀಲ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತ ನಾವು. ಸ್ವಂತ ಗಾಡಿ ಇದ್ದವರು ಹೇಗೋ ಹೋಗಿಬಿಡುತ್ತಾರೆ. ಬಿಸಿ ತಟ್ಟುವುದು ಕೂಲಿಗೆ ಹೋಗುವವರಿಗೆ, ಕಾಲೇಜಿನ ಮಕ್ಕಳಿಗೆ, ಮತ್ತು ಸ್ಕೂಟರಿನ ಕೀಲಿಕೈ ಗಂಡನ ಜೇಬಿನಲ್ಲಿರುವ ಮನೆಗಳ ಹೆಂಗಸರಿಗೆ.

ಅಂಥ ದಿನ ಅಂಗಡಿಯಲ್ಲಿ, ದೇವಸ್ಥಾನದಲ್ಲಿ, ಎಲ್ಲೆಲ್ಲೂ ಒಂದೇ ಮಾತು: “ಸಂಬಳ ಸಾಲ್ದು ಅಂತಾರಲ್ಲ ಇವ್ರು, ನಮ್ಗೆ ಚಿಲ್ಲರೆ ಕೊಡೋಕೆ ಮಾತ್ರ ಕೈ ಬರಲ್ಲ!” ಈ ಮಾತಿನಲ್ಲಿ ಸಿಟ್ಟಿದೆ, ಸ್ವಲ್ಪ ನಿಜವೂ ಇದೆ. ಆದರೆ ಎರಡು ಬೇರೆ ಬೇರೆ ಲೆಕ್ಕಗಳನ್ನು ಇಲ್ಲಿ ಒಟ್ಟಿಗೆ ಕಲಸಿಬಿಟ್ಟಿದ್ದೇವೆ. ನೌಕರರಿಗೆ ಬರಬೇಕಾದದ್ದು ಒಂದು, ನಮಗೆ ಸಿಗಬೇಕಾದದ್ದು ಇನ್ನೊಂದು. ಅವನ್ನು ಬಿಡಿಸಿ ನೋಡೋಣ ಬನ್ನಿ.

ಯುಗಾದಿಗೂ ಬಸ್ಸಿರಲಿಲ್ಲ

2020ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ದಿನ ಬಸ್ಸು ನಿಂತಿತು. ತಮ್ಮನ್ನು ಸರಕಾರಿ ನೌಕರರೆಂದು ಪರಿಗಣಿಸಬೇಕು ಎಂಬುದು ಆಗ ನೌಕರರ ಬೇಡಿಕೆ. ಭರವಸೆ ಸಿಕ್ಕಿ ಬಸ್ಸು ಹೊರಟಿತು. ಆರನೇ ವೇತನ ಆಯೋಗದ ಸಂಬಳ ನಮಗೂ ಬೇಕು ಎಂದು 2021ರ ಏಪ್ರಿಲ್ 7ರಂದು ಮತ್ತೆ ಕುಳಿತರು. ಈ ಸಲ ಎರಡು ವಾರ! ಏಪ್ರಿಲ್ 13ರ ಯುಗಾದಿಯೂ ಅದರಲ್ಲೇ ಬಂದುಹೋಯಿತು. ಕೊರೋನಾದ ಎರಡನೇ ಅಲೆ ಏಳುತ್ತಿದ್ದ ಕಾಲ. ಜನ ಮ್ಯಾಕ್ಸಿಕ್ಯಾಬುಗಳಲ್ಲಿ ಒತ್ತೊತ್ತಾಗಿ ಕೂತು, ಕೇಳಿದಷ್ಟು ದುಡ್ಡು ಕೊಟ್ಟು ಊರು ಸೇರಿದರು. ಕೆಲವು ವಿಶ್ವವಿದ್ಯಾಲಯಗಳು ಪರೀಕ್ಷೆಗಳನ್ನೇ ಮುಂದೆ ಹಾಕಿದವು. ಕಡೆಗೆ ಹೈಕೋರ್ಟು ಹೇಳಿದ ಮೇಲೆ ಏಪ್ರಿಲ್ 21ರಂದು ಮುಷ್ಕರ ನಿಂತಿತು.

ಆ ಯುಗಾದಿ ನೌಕರರ ಮನೆಗೂ ಬೇವೇ ಆಗಿತ್ತು. ಮುಷ್ಕರಕ್ಕೆ ಹೋದವರಿಗೆ ಮಾರ್ಚಿ ತಿಂಗಳ ಸಂಬಳ ತಡೆಹಿಡಿದಿದ್ದರು. ಹೆಂಡತಿ ಮಕ್ಕಳು ಬೀದಿಗೆ ಬಂದು ತಟ್ಟೆ ಲೋಟ ಬಡಿದದ್ದು ನಿಮಗೂ ನೆನಪಿರಬಹುದು. ನಮ್ಮ ಬೀದಿಯಲ್ಲೇ ಇರುವ ಕಂಡಕ್ಟರೊಬ್ಬರ ಹೆಂಡತಿ ಹೇಳುತ್ತಿದ್ದರು: “ಒಬ್ಬಟ್ಟು ಹಾಗಿರಲಿ ಅಕ್ಕಾ, ಸಾರಿಗೆ ಬೇಳೆ ತರೋಕೂ ಯೋಚನೆ ಮಾಡೋ ಹಾಗಾಗಿತ್ತು. ಹೊರಗೆ ಹೋದ್ರೆ ಊರವ್ರೆಲ್ಲ ನಮ್ಮನ್ನೇ ಬೈಯೋರು.” ಮುಷ್ಕರ ಮುಗಿದ ಮೇಲೂ ವಜಾ ಆದವರು, ದೂರದೂರಿಗೆ ವರ್ಗವಾದವರು ಬಹಳ ದಿನ ಪರದಾಡಿದರು.

ಬಾಕಿಯ ಲೆಕ್ಕ

ಆಮೇಲೆ ಬಂದದ್ದು 2025ರ ಆಗಸ್ಟ್ 5. ಶ್ರಾವಣದ ಮಂಗಳವಾರ, ಆ ಶುಕ್ರವಾರವೇ ವರಮಹಾಲಕ್ಷ್ಮಿ ವ್ರತ. ಹಿಂದಿನ ದಿನ ಮುಖ್ಯಮಂತ್ರಿಗಳ ಜೊತೆ ನಡೆದ ಮಾತುಕತೆ ಫಲ ಕೊಡಲಿಲ್ಲ. ಬೆಂಗಳೂರಿನಲ್ಲಿ ಸಿಟಿ ಬಸ್ಸುಗಳು ಅಷ್ಟಿಷ್ಟು ಓಡಿದರೂ ಎಷ್ಟೋ ಜಿಲ್ಲೆಗಳಲ್ಲಿ ಬಸ್ಸುಗಳು ಡಿಪೋ ಬಿಟ್ಟು ಬರಲಿಲ್ಲ. ಹೈಕೋರ್ಟು ಗಟ್ಟಿಯಾಗಿ ಹೇಳಿದ ಮೇಲೆ ಅದೇ ದಿನ ಮುಷ್ಕರ ನಿಂತಿತು. ನಮ್ಮ ಮನೆಗೆ ಹೂವು ಕೊಡುವಾಕೆ ಹಳ್ಳಿಯಿಂದ ಮೊದಲನೇ ಬಸ್ಸಿಗೆ ಬರುವವಳು. ಟೆಂಪೋದವನು ಅವಳಿಗೊಂದು ಚಾರ್ಜು, ಬುಟ್ಟಿಗೊಂದು ಚಾರ್ಜು ಕೇಳಿದನಂತೆ. ಹೂವಿಗೆ ಬೆಲೆ ಬರುವ ವಾರದಲ್ಲಿ ಒಂದು ದಿನದ ಲಾಭ ಹಾಗೇ ಹೋಯಿತು.

ಆ ಮುಷ್ಕರ ಏತಕ್ಕೆ? ಸಾರಿಗೆ ನೌಕರರ ಸಂಬಳವನ್ನು ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸುವುದು ನಡೆದುಬಂದ ಪದ್ಧತಿ. 2020ರ ಜನವರಿಗೆ ಆಗಬೇಕಾಗಿದ್ದ ಏರಿಕೆ, ಮೂಲ ವೇತನದ ಮೇಲೆ ಶೇಕಡಾ 15ರಂತೆ, ಕೈಗೆ ಬಂದದ್ದು 2023ರ ಮಾರ್ಚಿಯಿಂದ. ನಡುವಿನ 38 ತಿಂಗಳಿನದು ಬಾಕಿ. ಜೊತೆಗೆ 2024ರ ಜನವರಿಯಿಂದ ಆಗಬೇಕಾದ ಮುಂದಿನ ಪರಿಷ್ಕರಣೆಯನ್ನೂ ಮಾಡಿ ಎಂದು ಅವರು ಕೇಳಿದರು.

ನಮ್ಮ ದಿನಸಿ ಲೆಕ್ಕದ ಹಾಗೆ ನೋಡೋಣ. ಮೂಲ ವೇತನ 20,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇಕಡಾ 15 ಎಂದರೆ ತಿಂಗಳಿಗೆ 3,000. ಅದನ್ನು 38ರಿಂದ ಗುಣಿಸಿದರೆ 1,14,000 ರೂಪಾಯಿ. ಮಗಳ ಕಾಲೇಜಿನ ಫೀಜು, ಅತ್ತೆಯ ಕಣ್ಣಿನ ಆಪರೇಷನ್ನು, ಚೀಟಿಯ ಕಂತು ಎಲ್ಲ ಇದರಲ್ಲೇ ಆಗಬೇಕಾದ ಮನೆಗೆ ಇದು ಸಣ್ಣ ಮೊತ್ತವೇನು? ಹೀಗಾಗಿ ‘ಇವರಿಗೆ ಎಷ್ಟು ಕೊಟ್ಟರೂ ಸಾಲದು’ ಎಂದು ಹಗುರವಾಗಿ ಆಡುವುದು ನ್ಯಾಯವಲ್ಲ.

ಬಿಟ್ಟಿ ಪ್ರಯಾಣಿಕರೆ ನಾವು?

ಇನ್ನು ನಮ್ಮ ಲೆಕ್ಕ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟಿಗೆ ಹಣವಿಲ್ಲ. ತವರಿಗೆ ಹೋಗಲು ಗಂಡನ ಮುಂದೆ ಕೈ ಚಾಚಬೇಕಾಗಿದ್ದ ಎಷ್ಟೋ ಸೋದರಿಯರಿಗೆ ಇದು ದೊಡ್ಡ ಅನುಕೂಲ. ಆದರೆ ಹೆಂಗಸರೇ ನಿಂತಿದ್ದರೆ ಕೈ ತೋರಿಸಿದರೂ ಬಸ್ಸು ನಿಲ್ಲಿಸುವುದಿಲ್ಲ, ನಿಲ್ದಾಣ ದಾಟಿ ನಿಲ್ಲಿಸಿ ಮುದುಕಿಯರನ್ನು ಓಡಿಸುತ್ತಾರೆ, “ಫ್ರೀ ಅಂತ ದಿನಾ ಹೊರಟುಬಿಡ್ತೀರಲ್ಲಮ್ಮ” ಎಂದು ಎಲ್ಲರೆದುರು ಅಣಕಿಸುತ್ತಾರೆ ಎಂಬ ದೂರುಗಳೂ ಅಂದಿನಿಂದಲೇ ಶುರುವಾದವು.

ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮ ಟಿಕೆಟಿನ ಹಣವನ್ನು ಸರಕಾರ ನಿಗಮಕ್ಕೆ ತುಂಬಿಕೊಡಬೇಕು. ಸರಕಾರದ ಹಣ ಎಂದರೆ ನಾವು ಕೊಳ್ಳುವ ಸೋಪು, ಎಣ್ಣೆ, ಬಟ್ಟೆಯ ಮೇಲಿನ ತೆರಿಗೆಯೂ ಸೇರಿದ ಹಣ. ಆದ್ದರಿಂದ ನಾವು ಯಾರ ಮನೆಯ ಬಿಟ್ಟಿ ಊಟಕ್ಕೂ ಕೂತವರಲ್ಲ. ಗಂಡಸರು 2025ರ ಜನವರಿಯಿಂದ ಶೇಕಡಾ 15ರಷ್ಟು ಹೆಚ್ಚು ದರ ಕೊಟ್ಟು ಬಂದಿದ್ದಾರೆ. ಅವರಿಗೂ ಮರ್ಯಾದೆಯ ಸೇವೆ ಸಿಗಬೇಕು, ನಮಗೂ ಸಿಗಬೇಕು.

ಕಂಡಕ್ಟರರ ಕಷ್ಟವನ್ನೂ ಕೇಳಬೇಕು. ಐವತ್ತು ಜನರ ಬಸ್ಸಿನಲ್ಲಿ ತೊಂಬತ್ತು ಜನ. ನೂಕುನುಗ್ಗಲಿನಲ್ಲಿ ಒಬ್ಬೊಬ್ಬರ ಗುರುತಿನ ಚೀಟಿ ನೋಡಿ ಟಿಕೆಟು ಹರಿಯಬೇಕು. ತನಿಖೆಯವರು ಹತ್ತಿದಾಗ ಟಿಕೆಟಿಲ್ಲದವರು ಸಿಕ್ಕರೆ ಕಂಡಕ್ಟರನ ತಲೆಗೂ ಬರುತ್ತದೆ. ಸಂಜೆ ಹಣ ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕು. ಹೆಂಗಸು ಕಂಡಕ್ಟರುಗಳ ಪಾಡಂತೂ ಕೇಳುವುದೇ ಬೇಡ. ಕೊನೆಯ ಸ್ಟಾಪಿನಲ್ಲಿ ಶೌಚಾಲಯ ಇರದೆ ಹೊತ್ತುಗಟ್ಟಲೆ ನೀರು ಕುಡಿಯದೆ ಇರುವವರಿದ್ದಾರೆ.

ಹಾಲಿನವನ ಬಾಕಿ ತೀರಿಸದೆ ‘ಹಾಲು ತೆಳ್ಳಗಿದೆ’ ಎಂದು ಯಜಮಾನರು ಕೂಗಾಡಿದರೆ ನಾವು ಸುಮ್ಮನಿರುತ್ತೇವೆಯೆ? ‘ಮೊದಲು ಬಾಕಿ ಕೊಡಿ’ ಎನ್ನುತ್ತೇವೆ. ಹಾಗೆಯೇ ಬಾಕಿ ಇದೆಯೆಂದು ಕೂಸಿನ ಹಾಲಿಗೆ ನೀರು ಬೆರೆಸುವುದನ್ನೂ ನಾವು ಒಪ್ಪುವುದಿಲ್ಲ. ಬಸ್ಸಿನ ವಿಷಯವೂ ಇಷ್ಟೇ. ಬಾಕಿ ಕೇಳಬೇಕಾದದ್ದು ಸರಕಾರವನ್ನು. ಅದರ ಸಿಟ್ಟನ್ನು ಬುಟ್ಟಿ ಹೊತ್ತು ನಿಂತವಳ ಮೇಲೆ ತೀರಿಸುವುದು ಸಲ್ಲದು.

ನಾವು ಏನು ಮಾಡಬಹುದು?

* ಸ್ಟಾಪು ಬರುವ ಮೊದಲೇ ಗುರುತಿನ ಚೀಟಿ ಕೈಯಲ್ಲಿರಲಿ. ಹಣವಿಲ್ಲದಿದ್ದರೂ ಟಿಕೆಟನ್ನು ಕೇಳಿ ಪಡೆದು ಇಳಿಯುವ ತನಕ ಇಟ್ಟುಕೊಳ್ಳಿ.

* ಮನೆಯ ಗಂಡಸರಿಗೆ, ಹುಡುಗರಿಗೆ ಹೊರಡುವಾಗ ಚಿಲ್ಲರೆ ಕೊಟ್ಟು ಕಳಿಸಿ. ಈಗ ಎಷ್ಟೋ ಬಸ್ಸುಗಳಲ್ಲಿ ಫೋನಿನಿಂದಲೂ ಹಣ ಕೊಡಬಹುದು. ಬಾಕಿಯನ್ನು ಟಿಕೆಟಿನ ಹಿಂದೆ ಬರೆದುಕೊಟ್ಟರೆ ಇಳಿಯುವ ಒಂದು ಸ್ಟಾಪು ಮೊದಲೇ ಕೇಳಿ.

* ಬಸ್ಸು ನಿಲ್ಲಿಸದಿದ್ದರೆ, ಕೆಟ್ಟ ಮಾತಾಡಿದರೆ ಅಲ್ಲಿಯೇ ಜಗಳ ಬೇಡ. ಬಸ್ಸಿನ ನಂಬರು, ದಿನ, ಹೊತ್ತು, ಮಾರ್ಗ ಬರೆದುಕೊಂಡು ಡಿಪೋ ಮ್ಯಾನೇಜರಿಗೆ ದೂರು ಕೊಡಿ. ಬೀದಿಯ ನಾಲ್ಕೈದು ಹೆಂಗಸರು ಸಹಿ ಹಾಕಿದ ಕಾಗದಕ್ಕೆ ತೂಕ ಹೆಚ್ಚು.

* ಒಳ್ಳೆಯ ಕಂಡಕ್ಟರನ್ನು ಕಂಡಾಗಲೂ ಹೀಗೇ ಎರಡು ಸಾಲು ಬರೆಯಿರಿ. ಬೈಗುಳವನ್ನೇ ಕೇಳುವವರಿಗೆ ಹೊಗಳಿಕೆಯೂ ಮುಟ್ಟಲಿ.

* ಮುಷ್ಕರದ ಸುದ್ದಿ ಬಂದರೆ ಪರೀಕ್ಷೆ, ಆಸ್ಪತ್ರೆಯ ಕೆಲಸಗಳಿಗೆ ಮೊದಲೇ ದಾರಿ ಯೋಚಿಸಿ. ಅಕ್ಕಪಕ್ಕದವರು ಸೇರಿ ಒಂದು ಗಾಡಿ ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಆ ದಿನ ಮನೆಗೆಲಸದವಳು ಬರಲಾಗದಿದ್ದರೆ ದಯವಿಟ್ಟು ಸಂಬಳ ಹಿಡಿಯಬೇಡಿ.

ಕಡೆಯದಾಗಿ ಸರಕಾರಕ್ಕೂ ಸಂಘಗಳಿಗೂ ಒಂದು ಮಾತು. ಮುಷ್ಕರಕ್ಕೆ ಕನಿಷ್ಠ 14 ದಿನ ಮೊದಲು ನೋಟೀಸು ಕೊಡಬೇಕೆಂದು ಕಾನೂನಿದೆ. ಆ 14 ದಿನ ಇರುವುದು ಎದುರು ಬದುರು ಕೂತು ಮಾತಾಡುವುದಕ್ಕೆ. ಹಿಂದಿನ ದಿನ ಸಭೆ ಕರೆದು, ಮಾರನೇ ದಿನ ಬಸ್ಸು ನಿಲ್ಲಿಸಿ, ಆಮೇಲೆ ಕೋರ್ಟು ಬುದ್ಧಿ ಹೇಳಬೇಕೆ? ಮನೆಯಲ್ಲಿ ಅಣ್ಣತಮ್ಮಂದಿರ ಪಾಲಿನ ಜಗಳವನ್ನೇ ಕೂರಿಸಿ ಬಗೆಹರಿಸುವ ತಾಯಂದಿರು ನಾವು. ನೌಕರರ ಬಾಕಿ ತೀರಲಿ, ನಮ್ಮ ಸ್ಟಾಪಿನಲ್ಲಿ ಬಸ್ಸೂ ನಿಲ್ಲಲಿ. ಎರಡನ್ನೂ ಒಂದೇ ಗಂಟಲಲ್ಲಿ ಕೇಳೋಣ.