ಕಾರ್ಖಾನೆಯ ಸಾವು: ತನಿಖೆ ಏನನ್ನು ಹುಡುಕುತ್ತದೆ?



ಹೊಸಪೇಟೆಯಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಹೊರಟರೆ ಮುನಿರಾಬಾದ್ ದಾಟಿದ ಮೇಲೆ ಗಿಣಿಗೇರಾ ಬರುತ್ತದೆ. ಕಿಟಕಿಯಿಂದ ನೋಡಿದರೆ ಚಿಮಣಿಗಳ ಸಾಲು ಕಾಣುತ್ತದೆ. ಬೇಸಿಗೆಯಲ್ಲಂತೂ ಬೇವಿನ ಮರದ ಎಲೆಗಳ ಮೇಲೆ ಹಸಿರಿಗಿಂತ ಧೂಳಿನ ಬಣ್ಣವೇ ಹೆಚ್ಚು. ಸಂಡೂರು, ಹೊಸಪೇಟೆ ಬೆಟ್ಟಗಳ ಅದಿರು, ತುಂಗಭದ್ರೆಯ ನೀರು, ಪಕ್ಕದಲ್ಲೇ ರೈಲುಹಾದಿ, ಈ ಮೂರೂ ಒಂದೆಡೆ ದೊರೆತದ್ದರಿಂದ 1990ರ ದಶಕದಿಂದೀಚೆಗೆ ಕೊಪ್ಪಳದ ಸುತ್ತ ಬೀಡುಕಬ್ಬಿಣ, ಸ್ಪಾಂಜ್ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳು ಎದ್ದವು. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿವೆ. ಕುಷ್ಟಗಿಯ ಕಡೆ ಕೆಂಪು ಗ್ರಾನೈಟಿನ ಕ್ವಾರಿಗಳಿವೆ. ಮಳೆಯನ್ನೇ ನಂಬಿದ ಯಲಬುರ್ಗಾದ ಹೊಲಗಳಿಂದ, ಬೆಳೆ ಕೈಕೊಟ್ಟ ವರ್ಷ, ಹುಡುಗರು ಇವೆಲ್ಲ ಕಡೆಗೂ ಗುತ್ತಿಗೆ ಕೂಲಿಗೆ ಬರುತ್ತಾರೆ.

ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ನಾಲ್ಕು ಸಾಲಿನ ಸುದ್ದಿಯೊಂದನ್ನು ನೀವು ಓದಿರುತ್ತೀರಿ. ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಇಂಥ ಊರಿನ ಕಾರ್ಮಿಕ ಮೃತಪಟ್ಟ, ಪೊಲೀಸರು ಪ್ರಕರಣ ದಾಖಲಿಸಿಕೊಂಡು ತನಿಖೆ ಕೈಗೊಂಡಿದ್ದಾರೆ. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಆ ಕೊನೆಯ ಸಾಲಿನ ನಂತರ ಏನು ನಡೆಯುತ್ತದೆ? ನಮ್ಮ ಮಾತುಕತೆಯ ಅರ್ಧ ಗಂಟೆಯಲ್ಲಿ ಇದಕ್ಕೆ ಪೂರ್ತಿ ಉತ್ತರ ಹೇಳಲಾಗುವುದಿಲ್ಲ. ಉಳಿಯುವ ಮಾತು ಇಲ್ಲಿದೆ.

2024ರ ಆಗಸ್ಟ್ ತಿಂಗಳಲ್ಲಿ ಕೊಪ್ಪಳ ತಾಲ್ಲೂಕಿನ ಅಲ್ಲಾನಗರದ ಬಳಿಯ ಕಾರ್ಖಾನೆಯೊಂದರಲ್ಲಿ ಅನಿಲ ಸೋರಿ ಒಬ್ಬ ಕಾರ್ಮಿಕ ಸತ್ತರು, ಹಲವರು ಆಸ್ಪತ್ರೆ ಸೇರಿದರು. ಕಬ್ಬಿಣದ ಕಾರ್ಖಾನೆಯಲ್ಲಿ ಅನಿಲ ಎಲ್ಲಿಂದ ಬರುತ್ತದೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಬಹುದು. ಅದು ಬೇರೆಲ್ಲಿಂದಲೋ ಬಂದು ಸೇರುವ ವಸ್ತುವಲ್ಲ. ಅದಿರೆಂದರೆ ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತ. ಕುಲುಮೆಯಲ್ಲಿ ಕಲ್ಲಿದ್ದಲು ಅಥವಾ ಕೋಕ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಿರಿನಿಂದ ಆಮ್ಲಜನಕವನ್ನು ಕಸಿದುಕೊಂಡು ಕಬ್ಬಿಣವನ್ನು ಬಿಡಿಸುವುದು ಈ ಅನಿಲವೇ. ಅಂದರೆ ಇಲ್ಲಿ ನಿಜವಾದ ದುಡಿಮೆಗಾರ ಅದೇ. ಊದುಕುಲುಮೆಯಿಂದ ಹೊರಬರುವ ಅನಿಲದಲ್ಲಿ ಸುಮಾರು ಶೇಕಡಾ 20ರಿಂದ 25 ಭಾಗ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದು ಉರಿಯುವ ಗುಣದ್ದಾದ್ದರಿಂದ ವ್ಯರ್ಥ ಮಾಡದೆ ದೊಡ್ಡ ಕೊಳವೆಗಳಲ್ಲಿ ಕಾರ್ಖಾನೆಯ ಬೇರೆ ಬೇರೆ ವಿಭಾಗಗಳಿಗೆ ಇಂಧನವಾಗಿ ಸಾಗಿಸುತ್ತಾರೆ. ಹೀಗಾಗಿ ಕುಲುಮೆಯಿಂದ ದೂರ, ತಣ್ಣಗಿರುವ ಜಾಗದಲ್ಲಿ ಕೆಲಸ ಮಾಡುವವನಿಗೂ ಅಪಾಯ ತಪ್ಪಿದ್ದಲ್ಲ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆದೇ ಇರುತ್ತದೆ, ಆದರೆ ಮಿದುಳಿಗೆ ಆಮ್ಲಜನಕ ತಲುಪುವುದಿಲ್ಲ. ಎಂಟು ಗಂಟೆಯ ಪಾಳಿಗೆ 1948ರ ಕಾರ್ಖಾನೆ ಕಾಯ್ದೆ ಇಟ್ಟಿದ್ದ ಮಿತಿ, ಹತ್ತು ಲಕ್ಷ ಭಾಗ ಗಾಳಿಗೆ 50 ಭಾಗ. ಊದುಕುಲುಮೆಯ ಅನಿಲದಲ್ಲಿ ಅದು ಎರಡು ಲಕ್ಷ ಭಾಗಕ್ಕೂ ಮೇಲೆ. ಹನ್ನೆರಡು ಹದಿಮೂರು ಸಾವಿರ ಭಾಗವಿದ್ದರೆ ಎರಡು ಮೂರು ನಿಮಿಷದಲ್ಲೇ ಪ್ರಾಣ ಹೋಗಬಹುದು. ತಲೆ ಸುತ್ತುತ್ತಿದೆ ಎಂದು ತಿಳಿಯುವ ಹೊತ್ತಿಗೆ ಕಾಲು ಮಾತು ಕೇಳುವುದಿಲ್ಲ. ಬಿದ್ದವನನ್ನು ಎತ್ತಲು ಓಡಿದವನೂ ಅಲ್ಲೇ ಬೀಳುತ್ತಾನೆ. ಇಂಥ ಅಪಘಾತಗಳಲ್ಲಿ ಒಬ್ಬರ ಬದಲು ಮೂವರು ನಾಲ್ವರು ಸಾಯುವುದು ಬಹುಮಟ್ಟಿಗೆ ಇದರಿಂದಲೇ.

ಈಗ ತನಿಖೆಗೆ ಬರೋಣ. ಸಾವು ಹೇಗಾಯಿತು ಎಂಬ ಪ್ರಶ್ನೆಯನ್ನು ವಿಜ್ಞಾನದ ಪ್ರಶ್ನೆಯಾಗಿ ಕೇಳಿದವರಲ್ಲಿ ಮುಖ್ಯನಾದವನು ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್. 1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 57 ಜನ ಸತ್ತರು. ಸ್ಫೋಟವೇ ಕೊಂದಿತು ಎಂದು ಎಲ್ಲರೂ ಅಂದುಕೊಂಡಿದ್ದರು. ಹಾಲ್ಡೇನ್ ಶವಗಳನ್ನೂ ರಕ್ತವನ್ನೂ ಪರೀಕ್ಷಿಸಿ, ಹೆಚ್ಚಿನವರನ್ನು ಕೊಂದದ್ದು ಸ್ಫೋಟದ ಪೆಟ್ಟಲ್ಲ, ಆಮೇಲೆ ಸುರಂಗದಲ್ಲಿ ಹರಡಿದ ಕಾರ್ಬನ್ ಮಾನಾಕ್ಸೈಡ್ ಎಂದು ತೋರಿಸಿದನು. ಕಾರಣ ಬದಲಾದ ಕೂಡಲೇ ಪರಿಹಾರವೂ ಬದಲಾಯಿತು. ಅನಿಲವನ್ನು ಮನುಷ್ಯನಿಗಿಂತ ಬೇಗ ತೋರಿಸಿಕೊಡುವ ಇಲಿ ಮತ್ತು ಪುಟ್ಟ ಹಕ್ಕಿಗಳನ್ನು ಗಣಿಗೆ ಒಯ್ಯಬೇಕೆಂದು ಅವನು ಸೂಚಿಸಿದನು. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳ ಈ ಸೇವೆ 1986ರವರೆಗೂ ನಡೆಯಿತು. ಅಂದ ಹಾಗೆ, ಇವನ ಮಗನೇ ಭಾರತಕ್ಕೆ ಬಂದು ಇಲ್ಲಿನ ಪೌರತ್ವ ಪಡೆದು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್.

ಹಾಲ್ಡೇನ್ ನೋಡಿದ ಗುರುತನ್ನೇ ಇಂದಿನ ವೈದ್ಯರೂ ಮರಣೋತ್ತರ ಪರೀಕ್ಷೆಯಲ್ಲಿ ನೋಡುತ್ತಾರೆ. ಈ ಅನಿಲದಿಂದ ಸತ್ತವರ ದೇಹದಲ್ಲಿ ರಕ್ತ ಇಳಿದು ನಿಂತ ಭಾಗ ನೀಲಿಗಟ್ಟದೆ ಚೆರಿ ಹಣ್ಣಿನಂತೆ ಕೆಂಪಾಗಿರುತ್ತದೆ. ಕಪ್ಪು ಮೈಬಣ್ಣದವರಲ್ಲಿ ಇದು ಸುಲಭಕ್ಕೆ ಕಾಣದು. ಆದ್ದರಿಂದ ರಕ್ತದ ಮಾದರಿಯನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಸತ್ತವರ ರಕ್ತದಲ್ಲಿ ಈ ಸಾಕ್ಷ್ಯ ಬಹುಕಾಲ ಉಳಿಯುತ್ತದೆ. ಬದುಕಿ ಉಳಿದವರಲ್ಲಿ ಮಾತ್ರ ಹಾಗಲ್ಲ. ಬರಿಯ ಗಾಳಿ ಉಸಿರಾಡಿದರೆ ನಾಲ್ಕೈದು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ, ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೇ. ಅಸ್ವಸ್ಥರಾದವರ ರಕ್ತವನ್ನು ಆಸ್ಪತ್ರೆಗೆ ತಂದ ಕೂಡಲೇ ತೆಗೆದಿಡದಿದ್ದರೆ ಮರುದಿನ ಸಾಕ್ಷ್ಯವೇ ಇರುವುದಿಲ್ಲ. ಇನ್ನೊಂದು ಮೋಸವೂ ಇದೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರನ್ನು ನೆನಪಿಸಿಕೊಳ್ಳಿ. ಅದು ಬೆಳಕಿನ ಲೆಕ್ಕದಲ್ಲಿ ಕೆಲಸ ಮಾಡುವ ಯಂತ್ರ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ. ರೋಗಿ ಸಾಯುತ್ತಿದ್ದರೂ 98 ಎಂದು ತೋರಿಸಬಲ್ಲದು.

ರಕ್ತದ ವರದಿ ಯಾವ ವಸ್ತು ಕೊಂದಿತು ಎಂದು ಹೇಳುತ್ತದೆ. ಆ ವಸ್ತು ಆ ಮನುಷ್ಯನ ಮೂಗಿನವರೆಗೆ ಹೇಗೆ ಬಂತು ಎಂಬುದು ಮುಂದಿನ ಪ್ರಶ್ನೆ. ತನಿಖೆಯ ಹುರುಳಿರುವುದು ಇಲ್ಲಿ. ಅನುಭವಸ್ಥ ತನಿಖಾಧಿಕಾರಿ ಸಾವಿನ ಕ್ಷಣದಿಂದ ಹಿಂದಕ್ಕೆ ನಡೆಯುತ್ತಾನೆ. ಕೆಲಸಕ್ಕೆ ಇಳಿಯುವ ಮೊದಲು ವರ್ಕ್ ಪರ್ಮಿಟ್ ಎಂಬ ಚೀಟಿ ಬರೆದಿದ್ದರೇ? ಅದರ ಮೇಲಿನ ಸಮಯ ಅಪಘಾತಕ್ಕಿಂತ ಮೊದಲಿನದೋ ನಂತರದ್ದೋ? ಅನಿಲ ಅಳೆಯುವ ಯಂತ್ರದ ಕೊನೆಯ ಅಂಕಿ ಎಷ್ಟು, ಅಳೆದವರು ಯಾರು? ಕೊಳವೆಯನ್ನು ಬರಿಯ ವಾಲ್ವ್ ತಿರುಗಿಸಿ ಮುಚ್ಚಿದ್ದರೋ ಅಥವಾ ನಡುವೆ ಕಬ್ಬಿಣದ ತಟ್ಟೆ ಕೂಡಿಸಿ ಬೋಲ್ಟ್ ಬಿಗಿದಿದ್ದರೋ? ಈ ಕೊನೆಯ ಪ್ರಶ್ನೆ ಸಣ್ಣದೆಂದು ತೋರುತ್ತದೆ. ನಿಮ್ಮ ಮನೆಯ ನಲ್ಲಿ ಪೂರ್ತಿ ತಿರುಗಿಸಿದರೂ ತೊಟ್ಟಿಕ್ಕುವುದಿಲ್ಲವೇ? ದೊಡ್ಡ ವಾಲ್ವ್‌ಗಳೂ ಹಾಗೆಯೇ. ನೀರು ತೊಟ್ಟಿಕ್ಕಿದರೆ ಕಾಣುತ್ತದೆ, ಈ ಅನಿಲ ಕಾಣುವುದಿಲ್ಲ.

ಇಕ್ಕಟ್ಟಾದ ಜಾಗಕ್ಕೆ, ಅಂದರೆ ಟ್ಯಾಂಕು, ಗುಂಡಿ, ಹೊಗೆ ಕೊಳವೆಗಳಂಥ ಕಡೆಗೆ ಇಳಿಸುವ ಮೊದಲು ಅರ್ಹ ವ್ಯಕ್ತಿ ಗಾಳಿ ಪರೀಕ್ಷಿಸಿ ಬರವಣಿಗೆಯಲ್ಲಿ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಾಧನವೂ ಹಗ್ಗ ಕಟ್ಟಿದ ಬೆಲ್ಟೂ ಇದ್ದು ಹಗ್ಗದ ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು ಎಂದು 1948ರ ಕಾಯ್ದೆಯ 36ನೇ ಕಲಮು ಹೇಳುತ್ತಿತ್ತು. ಆ ಹಗ್ಗದ ಅರ್ಥ ನೀವೇ ಊಹಿಸಿ. ಬಿದ್ದವನನ್ನು ಎಳೆಯಲು ಇನ್ನೊಬ್ಬ ಒಳಗಿಳಿಯಬೇಕಾಗಿಲ್ಲ.

ತಿಳಿವಳಿಕೆ ಇಲ್ಲದ ಕೂಲಿಯವರು ಹೀಗೆ ಸಾಯುತ್ತಾರೆ ಎಂದು ನಮ್ಮಲ್ಲಿ ಒಂದು ಮಾತಿದೆ. 2014ರ ಜೂನ್ 12ರಂದು ಭಿಲಾಯಿ ಉಕ್ಕಿನ ಕಾರ್ಖಾನೆಯಲ್ಲಿ ನೀರಿನ ಕೊಳವೆ ಕೆಟ್ಟು ಒತ್ತಡ ಇಳಿಯಿತು, ನೀರು ತಡೆದು ನಿಲ್ಲಿಸಬೇಕಾಗಿದ್ದ ಊದುಕುಲುಮೆಯ ಅನಿಲ ಹಿಂದಕ್ಕೆ ನುಗ್ಗಿ ಪಂಪ್‌ಹೌಸ್ ಸೇರಿತು. ಸತ್ತ ಆರು ಜನರಲ್ಲಿ ಇಬ್ಬರು ಉಪ ಮಹಾಪ್ರಬಂಧಕರು. ಕುಲುಮೆಯ ಅನಿಲದ ಗುಣವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? 2018ರ ಜುಲೈ 12ರಂದು ನಮ್ಮ ಗಡಿಯಾಚೆ ಅನಂತಪುರ ಜಿಲ್ಲೆಯ ತಾಡಿಪತ್ರಿಯ ಉಕ್ಕಿನ ಕಾರ್ಖಾನೆಯಲ್ಲಿ ಇದೇ ಅನಿಲ ಆರು ಮಂದಿಯನ್ನು ಕೊಂದಿತು. ಆದ್ದರಿಂದ ವರದಿಯೊಂದರಲ್ಲಿ ‘ಕಾರ್ಮಿಕನ ನಿರ್ಲಕ್ಷ್ಯ’ ಎಂಬ ಎರಡೇ ಪದ ಕಂಡಾಗ ನನಗೆ ಅನುಮಾನ ಬರುತ್ತದೆ. ಮನುಷ್ಯ ಮರೆಯುತ್ತಾನೆ, ದಣಿಯುತ್ತಾನೆ, ಮೇಸ್ತ್ರಿಯ ಅವಸರಕ್ಕೆ ತಲೆಬಾಗುತ್ತಾನೆ. ಇದು ಗೊತ್ತಿದ್ದೂ ಒಬ್ಬನ ಮರೆವಿಗೆ ಸಾವೇ ಫಲವಾಗುವಂತೆ ಕೆಲಸವನ್ನು ಜೋಡಿಸಿದವರು ಯಾರು ಎಂದು ವರದಿ ಕೇಳಬೇಕು. ಕೇಳದಿದ್ದರೆ ಅದೇ ಗುಂಡಿಗೆ ನಾಳೆ ಇನ್ನೊಬ್ಬ ಇಳಿಯುತ್ತಾನೆ.

ಒಂದು ಸಾವಿಗೆ ಒಂದೇ ತನಿಖೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಪೊಲೀಸರು ಮೊದಲು ಅಸಹಜ ಸಾವು ಎಂದು ದಾಖಲಿಸಿ ಶವದ ಪಂಚನಾಮೆ ಮಾಡಿಸುತ್ತಾರೆ. 2024ರ ಜುಲೈ 1ರಿಂದ ಇದು ನಡೆಯುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಂತೆ. ಯಾರದಾದರೂ ನಿರ್ಲಕ್ಷ್ಯ ಕಂಡುಬಂದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನ ಪ್ರಕಾರ ಮೊಕದ್ದಮೆ ಹೂಡಬಹುದು, ಶಿಕ್ಷೆ ಐದು ವರ್ಷದವರೆಗೆ. ಪೊಲೀಸರ ಪ್ರಶ್ನೆ, ಇದು ಅಪರಾಧವೇ ಎಂಬುದು.

ಎರಡನೆಯದು ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ತನಿಖೆ. ಸಾವಿನ ಸೂಚನೆ ಬಂದ ಒಂದು ತಿಂಗಳೊಳಗೆ ವಿಚಾರಣೆ ಮಾಡಬೇಕೆಂದು ಹಳೆಯ ಕಾಯ್ದೆ ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಈ ಅವಧಿ ಎರಡು ತಿಂಗಳು. ಕರ್ತವ್ಯಲೋಪದಿಂದ ಸಾವಾಗಿದ್ದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಐದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಆ ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಪಾಲನ್ನು ಸತ್ತವನ ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ದಂಡ ಹೆಚ್ಚಿದ್ದು ಒಳ್ಳೆಯದೇ. ವಿಚಾರಣೆಯ ಅವಧಿ ಇಮ್ಮಡಿಯಾದದ್ದನ್ನು ಮಾತ್ರ ನಾನು ಒಪ್ಪಲಾರೆ. ಅನಿಲದ ಸಾಕ್ಷ್ಯ ಗಂಟೆಗಳಲ್ಲಿ ಹಾರಿಹೋಗುವಂಥದು, ಗುತ್ತಿಗೆಯ ಸಾಕ್ಷಿದಾರರು ವಾರಗಳಲ್ಲಿ ಬೇರೆ ಊರು ಸೇರುವವರು.

ಕುಷ್ಟಗಿಯ ಕ್ವಾರಿಯಲ್ಲಿ ಬಂಡೆ ಉರುಳಿ ಸಾವಾದರೆ ಈ ಇಲಾಖೆಯವರು ಬರುವುದಿಲ್ಲ. ಕಾನೂನಿನ ಕಣ್ಣಲ್ಲಿ ಕ್ವಾರಿಯೂ ಗಣಿ. ಅದನ್ನು ನೋಡುವುದು ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಅದರ ಪ್ರಾದೇಶಿಕ ಕಚೇರಿ ಬಳ್ಳಾರಿಯಲ್ಲಿದೆ. ಬಂಡೆ ಬಿದ್ದ ಸಾವಿಗಾದರೂ ತನಿಖೆ ಉಂಟು. ಕಲ್ಲಿನ ನುಣ್ಣನೆಯ ಧೂಳು ವರ್ಷಾನುಗಟ್ಟಲೆ ಶ್ವಾಸಕೋಶ ಸೇರಿ ಸಿಲಿಕೋಸಿಸ್ ಆಗಿ, ಕೆಲಸ ಬಿಟ್ಟ ಎಷ್ಟೋ ಕಾಲದ ಮೇಲೆ ಮನೆಯಲ್ಲೇ ಸತ್ತವನಿಗೆ ಪಂಚನಾಮೆಯೂ ಇಲ್ಲ. ವೈದ್ಯರು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಇದೆ. ಆದರೆ ಕ್ಷಯವೆಂದು ಬರೆದುಬಿಟ್ಟರೆ ಅಲ್ಲಿಗೆ ಎಲ್ಲ ಮುಗಿಯಿತು. ಗಂಗಾವತಿಯ ಗಿರಣಿಗಳ ಅಪಾಯ ಬೇರೆ ಬಗೆಯದು, ತಿರುಗುವ ಬೆಲ್ಟು, ಬಾಯ್ಲರು, ಭತ್ತದ ಕಣಜ. ಕೆಳಗಿನಿಂದ ಭತ್ತ ಇಳಿಯುತ್ತಿರುವ ಕಣಜದಲ್ಲಿ ನಿಂತವನನ್ನು ಕಾಳು ಹೂಳುಮರಳಿನಂತೆ ಎಳೆದುಕೊಳ್ಳುತ್ತದೆ. ಎದೆಯವರೆಗೆ ಹೂತವನನ್ನು ಬರಿಗೈಯಲ್ಲಿ ಮೇಲೆತ್ತುವುದು ಆಗದ ಕೆಲಸ.

ಮೂರನೆಯದು ಪರಿಹಾರದ ವಿಚಾರಣೆ. ಇಲ್ಲಿನ ಪ್ರಶ್ನೆಯೇ ಬೇರೆ. ಸಾವು ಕೆಲಸದಿಂದ, ಕೆಲಸದ ಅವಧಿಯಲ್ಲಿ ಆಯಿತೇ, ಆತನ ವಯಸ್ಸೆಷ್ಟು, ಕೂಲಿ ಎಷ್ಟು. ತಪ್ಪು ಯಾರದು ಎಂಬುದು ಇಲ್ಲಿ ಮುಖ್ಯವಲ್ಲ. ಕೆಲಸಗಾರ ಕುಡಿದಿದ್ದ, ಹೇಳಿದ್ದನ್ನು ಬೇಕೆಂದೇ ಮೀರಿದ ಎಂಬ ವಾದ ಸಣ್ಣ ಗಾಯದ ಪ್ರಕರಣದಲ್ಲಿ ನಡೆದೀತು, ಸಾವಿನ ಪ್ರಕರಣದಲ್ಲಿ ನಡೆಯದು. 1923ರ ಕಾಯ್ದೆಯಲ್ಲಿದ್ದ ಈ ನಿಯಮವೂ ಲೆಕ್ಕದ ಸೂತ್ರವೂ ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಉಳಿದಿವೆ. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ಗೊತ್ತುಪಡಿಸಿದ ಅಂಕಿಯಿಂದ ಗುಣಿಸಬೇಕು. 30 ವರ್ಷದವನಿಗೆ ಆ ಅಂಕಿ 207.98. ಲೆಕ್ಕಕ್ಕೆ ಹಿಡಿಯುವ ಕೂಲಿಗೆ 2020ರ ಜನವರಿಯಲ್ಲಿ ನಿಗದಿಯಾದ 15,000 ರೂಪಾಯಿ ಮಿತಿಯಂತೆ ಗುಣಿಸಿದರೆ 15,59,850 ರೂಪಾಯಿ ಬರುತ್ತದೆ. ಇ.ಎಸ್.ಐ. ಇದ್ದವರ ಕುಟುಂಬಕ್ಕೆ ಇದರ ಬದಲು ತಿಂಗಳ ಆಶ್ರಿತರ ಪಿಂಚಣಿ ಸಿಗುತ್ತದೆ. ಗುತ್ತಿಗೆದಾರ ಕೈಚೆಲ್ಲಿದರೆ ಹಣ ಕೊಡಬೇಕಾದವನು ಕೆಲಸ ಮಾಡಿಸಿಕೊಂಡ ಮೂಲ ಮಾಲೀಕ.

ಹಾಗಾದರೆ ಜಗಳ ಎಲ್ಲಿ ಹುಟ್ಟುತ್ತದೆ? ಬಹಳ ಸಲ ಒಂದೇ ಕಡೆ, ಸತ್ತವನು ಆ ದಿನ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಎಂಬಲ್ಲಿ. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಕೂಲಿಯನ್ನು ಕೈಯಲ್ಲೇ ಕೊಟ್ಟಿದ್ದಾರೆ, ಗೇಟಿನ ಚೀಟಿ ಅಂಗಿಯ ಕಿಸೆಯಲ್ಲೇ ಸುಟ್ಟುಹೋಗಿದೆ. ಶವ ಊರು ಮುಟ್ಟುವ ಮೊದಲೇ ಯಾರೋ ಒಂದಿಷ್ಟು ಹಣ ಹಿಡಿದುಕೊಂಡು ಬಂದು ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಇಂಥ ಹೊತ್ತಿನಲ್ಲಿ ಆ ಮನೆಯಲ್ಲಿ ಓದು ಬಲ್ಲವರು ಬಹುಶಃ ನಿಮ್ಮ ವಯಸ್ಸಿನವರೇ. ಖಾಸಗಿಯಾಗಿ ಬರೆಸಿಕೊಂಡ ಅಂಥ ಕಾಗದದಿಂದ ಕಾನೂನಿನ ಪರಿಹಾರದ ಹಕ್ಕು ಹೋಗುವುದಿಲ್ಲ ಎಂದು ಅವರು ಹೇಳಬಲ್ಲರು. ಗೇಟ್ ಪಾಸಿನ ಫೋಟೊ, ಬ್ಯಾಂಕಿಗೆ ಬಂದ ಕೂಲಿಯ ವಿವರ, ಜೊತೆಗೆ ಕೆಲಸ ಮಾಡಿದವರ ಫೋನ್ ನಂಬರುಗಳನ್ನು ಅದೇ ದಿನ ಕೂಡಿಡಬಲ್ಲರು. ಮರಣೋತ್ತರ ವರದಿಯ ನಕಲು ಪೊಲೀಸ್ ಠಾಣೆಯಲ್ಲಿ ಕೇಳಬೇಕು. ಇಲಾಖೆಯ ವಿಚಾರಣಾ ವರದಿ ಮುಗಿದ ಮೇಲೆ ಅದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಅರ್ಜಿಯ ಶುಲ್ಕ 10 ರೂಪಾಯಿ, ಬಿ.ಪಿ.ಎಲ್. ಕುಟುಂಬಕ್ಕೆ ಅದೂ ಇಲ್ಲ, ಉತ್ತರಕ್ಕೆ 30 ದಿನಗಳ ಗಡುವು.