ವ್ಯಾಲಿ ಫೀವರ್ ನಕ್ಷೆ ನಂಬಬಹುದಾ?

ಭೂಕಂಪದಿಂದ ಜ್ವರ ಬರುತ್ತಾ? 1994ರಲ್ಲಿ ಬಂತು. ಕ್ಯಾಲಿಫೋರ್ನಿಯಾದ ನಾರ್ತ್‌ರಿಡ್ಜ್ ಭೂಕಂಪದಲ್ಲಿ ಗುಡ್ಡಗಳು ಕುಸಿದವು, ಧೂಳೆದ್ದಿತು. ಆಮೇಲೆ ವೆಂಚುರಾ ಕೌಂಟಿಯಲ್ಲಿ 203 ಜನರಿಗೆ ವ್ಯಾಲಿ ಫೀವರ್. ಕಾರಣ, ಅಲ್ಲಿನ ಒಣಮಣ್ಣಲ್ಲಿರೋ ಕಾಕ್ಸಿಡಿಯಾಯ್ಡಿಸ್ ಅನ್ನೋ ಶಿಲೀಂಧ್ರ. ಮಳೆ ಬಿದ್ದರೆ ಎಳೆಎಳೆಯಾಗಿ ಬೆಳೆಯುತ್ತೆ. ಬಿಸಿಲಿಗೆ ಒಣಗಿತೋ, ಹುರಿದ ಶಾವಿಗೆ ಥರ, ತಾಕಿದರೆ ಸಾಕು, ಪುಡಿಪುಡಿ. ಆ ಪುಡಿ ಗಾಳಿಯಲ್ಲಿ ತೇಲಿ ನೇರ ಶ್ವಾಸಕೋಶಕ್ಕೆ.

ಈ ಕಾಯಿಲೆ ಇರೋದು ಅರಿಜೋನಾ, ಕ್ಯಾಲಿಫೋರ್ನಿಯಾದಲ್ಲಿ ಅಂತ ನಕ್ಷೆ ಇದೆಯಲ್ಲ, ಉಳಿದವರಿಗೇನು ಭಯ ಅಂತೀರಾ? ತಕರಾರು ಇರೋದೇ ಅಲ್ಲಿ. ವೈದ್ಯರು ಎಲ್ಲಿ ಹುಡುಕಿದರೋ ಅಲ್ಲೇ ನಕ್ಷೆಗೆ ಬಣ್ಣ ಬಿತ್ತು. 2010ರಲ್ಲಿ, ದೂರದ ಉತ್ತರದ ವಾಷಿಂಗ್ಟನ್ ರಾಜ್ಯದಲ್ಲೂ ರೋಗಿಗಳು ಕಂಡರು. ಎಲ್ಲೋ ಪ್ರವಾಸದಲ್ಲಿ ತಗುಲಿರಬೇಕು ಅನ್ನೋದು ನ್ಯಾಯವಾದ ಅನುಮಾನವೇ. ಆದರೆ ಅಲ್ಲಿನ ಮಣ್ಣಲ್ಲೇ ಶಿಲೀಂಧ್ರ ಸಿಕ್ಕಿತು. ಒಬ್ಬ ರೋಗಿಯ ದೇಹದಲ್ಲಿದ್ದ ತಳಿಗೂ ಅದಕ್ಕೂ ಜೀನ್ ಪರೀಕ್ಷೆಯಲ್ಲಿ ತಾಳೆಯಾಯಿತು. ನಕ್ಷೆಯ ಗೆರೆ ಅಳಿಸಿಹೋಯಿತು!

ಹಾಗಂತ ಪ್ರತಿ ಕೆಮ್ಮಿಗೂ ಪರೀಕ್ಷೆ ಬೇಡ, ದುಡ್ಡು ದಂಡ. ಸೋಂಕು ತಗುಲಿದ ಅರ್ಧಕ್ಕಿಂತ ಹೆಚ್ಚು ಜನರಿಗೆ ಲಕ್ಷಣವೇ ಇರಲ್ಲ. ಇದು ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡೋ ಕಾಯಿಲೆಯೂ ಅಲ್ಲ. ಆದರೆ ನ್ಯುಮೋನಿಯಾ ಆಂಟಿಬಯಾಟಿಕ್‌ಗೆ ಜಗ್ಗುತ್ತಿಲ್ಲ ಅಂದರೆ ಪ್ರಶ್ನೆ ಬದಲಾಗಬೇಕು. ಅರಿಜೋನಾದ ಫೀನಿಕ್ಸ್‌ನಿಂದ ಬೆಂಗಳೂರಿಗೆ ಬಂದವರ ಎಕ್ಸ್‌ರೇ ಕ್ಷಯದ ಹಾಗೇ ಕಾಣಬಹುದು. ಮನೆ ವಿಳಾಸ ಒಂದೇ ಸಾಲದು. ಎಲ್ಲೆಲ್ಲಿ ಧೂಳು ಕುಡಿದಿರಿ, ಅದನ್ನೂ ಡಾಕ್ಟರಿಗೆ ಹೇಳಿ.