ಬಿಸಿಲೂ ಉಡುಪೂ

ಹೊಲದಲ್ಲಿ ದುಡಿಯುವವರ ಉಡುಪು ಮಾನರಕ್ಷಣೆಗೆ ಮಾತ್ರವಲ್ಲದೆ ದೇಹಾರೋಗ್ಯಕ್ಕೂ ಸಂಬಂಧಪಟ್ಟ ವಿಷಯವಾಗಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಗ್ರಾಮಮುಖಂಡರೂ ಭೂಮಾಲೀಕರೂ ತಮ್ಮ ಮನೆಮಂದಿಯ ಮತ್ತು ಆಳುಕಾಳುಗಳ ಕ್ಷೇಮಕ್ಕಾಗಿ ಇದನ್ನು ತಿಳಿದಿರತಕ್ಕದ್ದು.

ಸೂರ್ಯಪ್ರಕಾಶದಲ್ಲಿ ಬೆಳಕೂ ಶಾಖವೂ ಅಲ್ಲದೆ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳೂ ಇರುವುವು. ಇವು ಮಿತವಾಗಿ ಮೈಮೇಲೆ ಬಿದ್ದರೆ ಚರ್ಮದಲ್ಲಿ ‘ಡಿ’ ಜೀವಸತ್ವವು ಉತ್ಪತ್ತಿಯಾಗುತ್ತದೆ. ಆಹಾರದಲ್ಲಿರುವ ಸುಣ್ಣದ ಅಂಶವು ದೇಹಗತವಾಗಿ ಮೂಳೆಗಳು ಬಲಿಯುವುದಕ್ಕೆ ಈ ಸತ್ವವು ಅತ್ಯಾವಶ್ಯಕ. ಇದರ ಕೊರತೆಯಿಂದ ಮಕ್ಕಳ ಕಾಲುಗಳು ಬಾಗುವ ರೋಗವು ಇಂತಹ ಕಿರಣಗಳಿಂದಲೇ ಗುಣವಾಗುವುದೆಂದು ಬರ್ಲಿನ್ನಿನ ವೈದ್ಯ ಹುಲ್ಡ್‌ಶಿನ್ಸ್ಕಿ ಎಂಬವರು 1919ರಲ್ಲಿ ತೋರಿಸಿಕೊಟ್ಟರು. ಆದರೆ ಮಿತಿಮೀರಿದ ಬಿಸಿಲಿನಿಂದ ಚರ್ಮವು ಸುಡುವುದಲ್ಲದೆ ಕಣ್ಣಿಗೂ ಹಾನಿಯುಂಟು.

ಒತ್ತಾಗಿ ನೇಯ್ದ ದಪ್ಪ ಬಟ್ಟೆಯೂ ಗಾಢವರ್ಣದ ಬಟ್ಟೆಯೂ ಈ ಕಿರಣಗಳನ್ನು ಹೆಚ್ಚಾಗಿ ತಡೆಯುತ್ತವೆ. ತೆಳುವಾದ ಬಿಳಿಯ ಹತ್ತಿಬಟ್ಟೆಯು, ಅದರಲ್ಲಿಯೂ ನೆನೆದಾಗ, ಹೆಚ್ಚು ಕಿರಣಗಳನ್ನು ಒಳಬಿಡುತ್ತದೆ. ಕಪ್ಪು ಬಟ್ಟೆಯು ಶಾಖವನ್ನು ಹೀರುವುದರಿಂದ, ಗಾಳಿಯಾಡುವಂತೆ ಸಡಿಲವಾಗಿರುವ ಉಡುಪೇ ಹೊಲಕ್ಕೆ ಲೇಸು. ಬಗ್ಗಿ ಭತ್ತದ ನಾಟಿ ಮಾಡುವವರು ಕತ್ತಿನ ಹಿಂಭಾಗವನ್ನು ಮುಚ್ಚಿಕೊಳ್ಳತಕ್ಕದ್ದು.

ಹೊಗೆಸೊಪ್ಪಿನ ಬೆಳೆಯಲ್ಲಿ ಇನ್ನೊಂದು ವಿಚಾರವುಂಟು. ಮಂಜು ಅಥವಾ ಮಳೆಯಿಂದ ತೊಯ್ದ ಹಸಿ ಎಲೆಯನ್ನು ಬರಿಗೈಯಿಂದ ಕಿತ್ತರೆ ನಿಕೋಟಿನ್ ಎಂಬ ವಿಷವು ಚರ್ಮದ ಮೂಲಕ ಒಳಸೇರಿ ತಲೆಸುತ್ತು, ವಾಂತಿ, ನಿತ್ರಾಣಗಳನ್ನುಂಟುಮಾಡುತ್ತದೆ. ಆದುದರಿಂದ ಬಿಸಿಲು ತಾಗಲೆಂದು ಎಲೆ ಕೀಳುವಾಗ ತೋಳು ಬಿಡಕೂಡದು. ತುಂಬುತೋಳಿನ ಅಂಗಿಯನ್ನೂ ಕೈಗವಸನ್ನೂ ಧರಿಸಬೇಕು. ನೆನೆದ ಬಟ್ಟೆಯನ್ನು ಕೂಡಲೇ ಬದಲಿಸಿ ಸೋಪಿನಿಂದ ಮೈ ತೊಳೆಯಬೇಕು.

ಹಾಗಾದರೆ ಬಿಸಿಲಿನ ಲಾಭವನ್ನು ಪಡೆಯುವುದು ಹೇಗೆ? ಎಳೆಬಿಸಿಲೇ ಇದಕ್ಕೆ ಉತ್ತಮವೆಂಬ ನಂಬಿಕೆಯು ಸರಿಯಲ್ಲ. ಬೆಳಗಿನ ಮತ್ತು ಸಂಜೆಯ ಓರೆಬಿಸಿಲಿನಲ್ಲಿ ಈ ಸತ್ವವನ್ನುಂಟುಮಾಡುವ ಕಿರಣಗಳು ಅತ್ಯಲ್ಪ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡದಾಗಿರುವ ವೇಳೆಯಲ್ಲಿ, ಚರ್ಮವು ಉರಿಯುವುದಕ್ಕೆ ಮೊದಲೇ ನೆರಳಿಗೆ ಸರಿಯುವಂತೆ, ಮುಂಗೈಗಳಿಗೂ ಮೊಣಕಾಲಿನ ಕೆಳಭಾಗಕ್ಕೂ ಸ್ವಲ್ಪ ಹೊತ್ತು ಬಿಸಿಲು ತಾಗಿಸಿದರೆ ಪ್ರಯೋಜನವಾಗುತ್ತದೆ. ಕಪ್ಪು ಮೈಬಣ್ಣದವರಿಗೆ ಹೆಚ್ಚು ಹೊತ್ತು ಬೇಕಾಗುವುದು. ಗಾಜಿನ ಕಿಟಕಿಯೊಳಗಿನ ಬಿಸಿಲಿನಿಂದ ಫಲವಿಲ್ಲ. ಹಸುಗೂಸುಗಳನ್ನು ಮಾತ್ರ ಸುಡುಬಿಸಿಲಿಗೆ ಒಡ್ಡದೆ ವೈದ್ಯರ ಸಲಹೆಯಂತೆ ಜೀವಸತ್ವದ ಹನಿಗಳನ್ನು ಕೊಡತಕ್ಕದ್ದು.

ಈ ಸೀಮೆಯಲ್ಲಿ ಏಪ್ರಿಲ್ ಕೊನೆಯ ಭಾಗದಲ್ಲಿಯೂ ಆಗಸ್ಟ್ ಉತ್ತರಾರ್ಧದಲ್ಲಿಯೂ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ಬರುತ್ತಾನೆ. ಬಿಸಿಲಿಗೆ ಬರವಿಲ್ಲ. ಆದರೂ ಮನೆಯೊಳಗೇ ಇರುವ ವೃದ್ಧರಿಗೂ, ದಿನವೆಲ್ಲ ನೆರಳಿನಲ್ಲಿ ಕುಳಿತು ಕಡ್ಡಿಗೆ ಸೊಪ್ಪು ಕಟ್ಟುವ ಹೆಂಗಸರಿಗೂ ಅದು ಲಭಿಸದೆ ಹೋಗಬಹುದು. ಎಲೆಯ ತೇವವು ಆರಿದ ಮೇಲೆ ಕೀಳಿಸುವುದು, ಆಳುಗಳಿಗೆ ತಕ್ಕ ಉಡುಪನ್ನು ಒದಗಿಸುವುದು, ಮಕ್ಕಳನ್ನು ಆ ಕೆಲಸಕ್ಕೆ ಹಚ್ಚದಿರುವುದು, ನೆರಳಿನಲ್ಲಿ ದುಡಿಯುವವರಿಗೆ ನಡುವೆ ಬಯಲಿಗೆ ಬರಲು ಬಿಡುವು ಕೊಡುವುದು, ಇವು ಭೂಮಾಲೀಕರ ಕೈಯಲ್ಲಿಯೇ ಇರುವ ಕಾರ್ಯಗಳು. ಗ್ರಾಮಮುಖಂಡರು ಮೊದಲು ತಮ್ಮ ಹೊಲದಲ್ಲಿ ಇದನ್ನು ಆಚರಿಸಿದರೆ ಉಳಿದವರು ತಾವಾಗಿಯೇ ಅನುಸರಿಸುವರು.